ಎರಡು ಕರಗುಬಿಂದುಗಳ ನಡುವೆ

ಶುದ್ಧ ವಸ್ತುವಿಗೆ ಕರಗುಬಿಂದು ಒಂದೇ ಎಂಬುದು ಹತ್ತೊಂಬತ್ತನೆಯ ಶತಮಾನದ ರಸಾಯನ ವಿಜ್ಞಾನಿಗಳು ಪ್ರಶ್ನಿಸದೆ ಒಪ್ಪಿಕೊಂಡಿದ್ದ ಮಾತು. ಮಂಜುಗಡ್ಡೆ ಸೊನ್ನೆ ಡಿಗ್ರಿಯಲ್ಲಿ ನೀರಾಗುತ್ತದೆ. ಪೂರ್ತಿ ಕರಗುವವರೆಗೂ ತಾಪಮಾಪಕದ ಪಾದರಸ ಅಲುಗುವುದಿಲ್ಲ. ಕೊಟ್ಟ ಶಾಖವೆಲ್ಲ ಅಣುಗಳ ಕಟ್ಟು ಬಿಡಿಸುವುದಕ್ಕೇ ಖರ್ಚಾಗುತ್ತದೆ. ಇದೇ ಗುಪ್ತೋಷ್ಣ. ಮಿಶ್ರಣಗಳ ಸ್ವಭಾವ ಬೇರೆ. ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಪುಷ್ಯದ ಚಳಿಗೆ ಶೀಷೆಯೊಳಗಿನ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಬಿಸಿಲೇರಿದಂತೆ ಅಂಚಿನಿಂದ ಮೆಲ್ಲಗೆ ನೀರಾಗುತ್ತದೆ. ಹಲವು ಬಗೆಯ ಕೊಬ್ಬು ಸೇರಿದ ಎಣ್ಣೆಯಾದ್ದರಿಂದ ಅದು ಹೀಗೆ ಎಳೆದಾಡುತ್ತ ಕರಗುತ್ತದೆ. ಶುದ್ಧ ವಸ್ತು ಎಳೆದಾಡುವುದಿಲ್ಲ. ಪ್ರಯೋಗಶಾಲೆಯಲ್ಲಿ ವಸ್ತುವಿನ ಶುದ್ಧಿಯನ್ನು ಅದು ಕರಗುವ ರೀತಿಯಿಂದಲೇ ಅಳೆಯುತ್ತಿದ್ದುದು ಇದೇ ಕಾರಣಕ್ಕೆ.

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್‌ರಿಷ್ ರೈನಿಟ್ಜರ್‌ಗೆ ಈ ನಂಬಿಕೆ ಕೈಕೊಟ್ಟಿತು. ಅವನ ಕೈಯಲ್ಲಿದ್ದದ್ದು ಗಜ್ಜರಿಯಿಂದ ತೆಗೆದ ಕೊಲೆಸ್ಟರಾಲಿನಿಂದ ಮಾಡಿದ ಬೆಂಜೊಯೇಟ್. ಅದು 145.5 ಡಿಗ್ರಿಯಲ್ಲಿ ಕರಗಿ ಕದಡಿದ ದ್ರವವಾಯಿತು, 178.5 ಡಿಗ್ರಿಯಲ್ಲಿ ಆ ಕದಡು ಒಮ್ಮೆಲೇ ತಿಳಿಯಾಯಿತು. ತಣಿಸಿದರೆ ನೇರಳೆ, ನೀಲಿ ಬಣ್ಣಗಳು ಮಿಂಚಿ ಮಾಯವಾಗುತ್ತಿದ್ದವು. ಎಷ್ಟು ಸಲ ಶುದ್ಧೀಕರಿಸಿದರೂ ಎರಡನೆಯ ಬಿಂದು ಹೋಗಲಿಲ್ಲ. ಆ ವರ್ಷದ ಮಾರ್ಚ್ ತಿಂಗಳಲ್ಲಿ ರೈನಿಟ್ಜರ್ ತನ್ನ ಮಾದರಿಯನ್ನು ಒಟ್ಟೊ ಲೇಮಾನ್ ಎಂಬ ಭೌತವಿಜ್ಞಾನಿಗೆ ಕಳಿಸಿದ. ಲೇಮಾನ್ ಬಳಿ ಮಾದರಿಯನ್ನು ಕಾಯಿಸುತ್ತಲೇ ನೋಡಬಹುದಾದ ಸೂಕ್ಷ್ಮದರ್ಶಕವಿತ್ತು. ಧ್ರುವೀಕೃತ ಬೆಳಕಿನಲ್ಲಿ ಆ ಕದಡಿದ ದ್ರವ ಸ್ಫಟಿಕದಂತೆಯೇ ಬಣ್ಣ ತೋರಿತು, ಹರಿಯುವುದನ್ನೂ ಬಿಡಲಿಲ್ಲ. ಲೇಮಾನ್ ಅದನ್ನು 1889ರಲ್ಲಿ ಹರಿಯುವ ಸ್ಫಟಿಕ ಎಂದು ಕರೆದ. ಕನ್ನಡದ ‘ದ್ರವ ಸ್ಫಟಿಕ’ಕ್ಕೆ ಮೂಲ ಅದೇ.

ಹೆಸರಿಟ್ಟ ಮಾತ್ರಕ್ಕೆ ಒಪ್ಪಿಗೆ ಸಿಗಲಿಲ್ಲ. ಗುಸ್ತಾಫ್ ಟಾಮ್ಮಾನ್‌ನಂಥ ಪ್ರಭಾವಿ ರಸಾಯನ ವಿಜ್ಞಾನಿಗಳು ಇದು ಮಜ್ಜಿಗೆಯಂಥ ಕದಡಷ್ಟೇ, ವಸ್ತುವಿನ ಹೊಸ ಸ್ಥಿತಿಯಲ್ಲ ಎಂದು ವರ್ಷಗಟ್ಟಲೆ ವಾದಿಸಿದರು. ಹಾಲೆ ನಗರದ ಡೇನಿಯಲ್ ಫೋರ್‌ಲೆಂಡರ್ ನೂರಾರು ಸಂಯುಕ್ತಗಳನ್ನು ಮಾಡಿ ನೋಡಿ ಒಂದು ಸೂತ್ರ ಕಂಡುಕೊಂಡ: ಅಣು ಕಡ್ಡಿಯಂತೆ ಉದ್ದವಾಗಿರಬೇಕು. ಎಲೆಯಂತೆ ಚಪ್ಪಟೆಯಾದ ಅಣುಗಳನ್ನೂ ಅವನು ಪರೀಕ್ಷಿಸಿದ. ಏನೂ ಸಿಗದೆ ಬಿಟ್ಟ. ಆ ಬಿಟ್ಟ ಎಳೆಯನ್ನು ಅರ್ಧ ಶತಮಾನದ ನಂತರ ಹಿಡಿದದ್ದು ಬೆಂಗಳೂರು.

ಇಂದಿಗೂ ಬಳಕೆಯಲ್ಲಿರುವ ವಿಂಗಡಣೆಯನ್ನು 1922ರಲ್ಲಿ ಫ್ರೆಂಚ್ ವಿಜ್ಞಾನಿ ಜಾರ್ಜ್ ಫ್ರೀಡೆಲ್ ಮಾಡಿದ. ನೀರಿನ ಮೇಲೆ ತೇಲಿಬಿಟ್ಟ ತೊಗರಿ ಕಟ್ಟಿಗೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ, ಆದರೆ ಹಿಂದೆ ಮುಂದೆ ಜಾರುತ್ತ ಸಾಗಿದರೆ ಹೇಗೋ ನೆಮ್ಯಾಟಿಕ್ ಸ್ಥಿತಿ ಹಾಗೆ. ದಿಕ್ಕಿಗೆ ಶಿಸ್ತುಂಟು, ಜಾಗಕ್ಕೆ ಇಲ್ಲ. ಅದೇ ಕಟ್ಟಿಗೆಗಳು ಪದರ ಪದರವಾಗಿ ನಿಂತರೆ ಸ್ಮೆಕ್ಟಿಕ್. ದಿಕ್ಕು ಸುರುಳಿ ಮೆಟ್ಟಿಲಿನಂತೆ ತಿರುಗುತ್ತ ಹೋದರೆ ಕೊಲೆಸ್ಟರಿಕ್. ರೈನಿಟ್ಜರ್ ಕಂಡ ನೀಲಿ ನೇರಳೆ ಹುಟ್ಟಿದ್ದು ಈ ಸುರುಳಿಯಿಂದ. ಸ್ಮೆಕ್ಟಿಕ್ ಎಂಬ ಹೆಸರಿನ ಹಿಂದಿರುವುದು ಸಾಬೂನಿಗೆ ಸಂಬಂಧಿಸಿದ ಗ್ರೀಕ್ ಪದ. ಅದು ಸುಮ್ಮನೆ ಬಂದ ಹೆಸರಲ್ಲ. ಹಂಡೆಯಲ್ಲಿ ಸಾಬೂನು ಕುದಿಸುವಾಗ ಮೇಲೆ ತೇಲಿಬರುವ ನುಣ್ಣನೆಯ ಪಾಕದಲ್ಲಿ ಸಾಬೂನಿನ ಅಣುಗಳು ನೀರಿನ ಪದರಗಳೊಂದಿಗೆ ಅಡಕಲಾಗಿ ಕೂತಿರುತ್ತವೆ. ಅದೂ ದ್ರವ ಸ್ಫಟಿಕವೇ. ಮೈಸೂರು ಸಂಸ್ಥಾನದ ಸರ್ಕಾರಿ ಸಾಬೂನು ಕಾರ್ಖಾನೆ 1918ರ ಹೊತ್ತಿಗೆ ಬೆಂಗಳೂರಿನಲ್ಲಿ ಕೆಲಸ ಶುರುಮಾಡಿತು. ಈ ನಾಡಿನ ದ್ರವ ಸ್ಫಟಿಕದ ಚರಿತ್ರೆಯನ್ನು ಶ್ರೀಗಂಧದ ಸಾಬೂನಿನಿಂದ ಎಣಿಸಿದರೂ ತಪ್ಪಾಗಲಾರದು, ಹಂಡೆಯ ಮುಂದೆ ನಿಂತವರಿಗೆ ಆ ಹೆಸರು ಗೊತ್ತಿರುವ ಅಗತ್ಯ ಇರದಿದ್ದರೂ.

ಸ್ಥಿತಿ ಬದಲಾವಣೆಯನ್ನೇ ವಿಷಯವಾಗಿ ಹಿಡಿದ ವಿಜ್ಞಾನ ಬೆಂಗಳೂರಿನಲ್ಲಿ ಬೇರೂರಿದ್ದು ಸಿ. ವಿ. ರಾಮನ್ ಅವರ ಕಾಲದಲ್ಲಿ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮನ್, ಟಿ. ಎಂ. ಕೆ. ನೆಡುಂಗಾಡಿ ಅವರೊಂದಿಗೆ 1940ರಲ್ಲಿ ಬೆಣಚುಕಲ್ಲಿನ ಸ್ಫಟಿಕವನ್ನು ಕಾಯಿಸುತ್ತ ಅದರಿಂದ ಚದುರುವ ಬೆಳಕನ್ನು ನೋಡಿದರು. ಬೆಣಚು 573 ಡಿಗ್ರಿಯ ಹತ್ತಿರ ಒಂದು ಸ್ಫಟಿಕ ರೂಪದಿಂದ ಇನ್ನೊಂದಕ್ಕೆ ಮಗುಚುತ್ತದೆ. ಆ ಬಿಂದು ಹತ್ತಿರವಾದಂತೆ ಸ್ಫಟಿಕದ ಒಂದು ಕಂಪನ ಸಡಿಲಗೊಳ್ಳುತ್ತ ಬಂದದ್ದು ಅವರ ಕಣ್ಣಿಗೆ ಬಿತ್ತು. ಬದಲಾವಣೆ ಒಮ್ಮೆಲೇ ಎರಗಿದಂತೆ ಕಂಡರೂ ವಸ್ತು ಅದಕ್ಕೆ ಮೊದಲೇ ಅಣಿಯಾಗುತ್ತಿರುತ್ತದೆ ಎಂಬುದಕ್ಕೆ ಇದು ಮೊದಲ ಪ್ರತ್ಯಕ್ಷ ಸಾಕ್ಷಿ. ಅದರ ಸಿದ್ಧಾಂತ ಬಂದದ್ದು ಇಪ್ಪತ್ತು ವರ್ಷ ತಡವಾಗಿ. ಯಾದಗಿರಿ ಕೋಟೆ ನಿಂತಿರುವ ಬಂಡೆ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ, ಇವೆಲ್ಲ ಕರಗಿದ ಶಿಲಾರಸ ಹೆಪ್ಪುಗಟ್ಟಿ ಆದ ಗ್ರಾನೈಟ್ ಜಾತಿಯವು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಅವುಗಳಲ್ಲಿ ಮಿನುಗುವ ಬೆಣಚಿನ ಹರಳುಗಳೂ ತಣಿಯುವ ದಾರಿಯಲ್ಲಿ ಇದೇ ಬಗೆಯ ಮಗುಚುವಿಕೆಯನ್ನು ಒಮ್ಮೆ ದಾಟಿ ಬಂದವೇ.

ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನ ಸಂಸ್ಥೆ ಕಟ್ಟಿದರು. ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದವರಲ್ಲಿ ಅವರ ತಂಗಿಯ ಮಗ ಶಿವರಾಮಕೃಷ್ಣ ಚಂದ್ರಶೇಖರ್ ಒಬ್ಬರು. ಜನನ 1930ರ ಆಗಸ್ಟ್ 6, ಕಲ್ಕತ್ತೆಯಲ್ಲಿ, ಎಂಎಸ್ಸಿ ನಾಗಪುರದಲ್ಲಿ. ಧ್ರುವೀಕೃತ ಬೆಳಕಿನ ಅಧ್ಯಯನಕ್ಕೆ ಹೆಸರಾದ ಪಂಚರತ್ನಂ ಇವರ ತಮ್ಮ. ಸ್ಫಟಿಕದ ಮೂಲಕ ಹಾಯುವ ಬೆಳಕಿನ ಧ್ರುವೀಕರಣದ ತಲ ಹೇಗೆ ತಿರುಗುತ್ತದೆ ಎಂಬುದು ಚಂದ್ರಶೇಖರ್ ಅವರ ಮೊದಲ ಸಂಶೋಧನೆ. ಮುಂದೆ ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ, ಆಮೇಲೆ ಲಂಡನ್ನಿನಲ್ಲಿ, ಸ್ಫಟಿಕಗಳೊಳಗೆ ಎಕ್ಸ್-ಕಿರಣ ಮರುಮರಳಿ ಪ್ರತಿಫಲಿಸಿ ಕುಂದುವುದನ್ನು ಅಭ್ಯಾಸ ಮಾಡಿದರು. ಈ ಎರಡು ವಿಷಯಗಳಿಗೂ ದ್ರವ ಸ್ಫಟಿಕಕ್ಕೂ ಮೇಲುನೋಟಕ್ಕೆ ನಂಟಿಲ್ಲ. ನಂಟು ಕಂಡದ್ದು ಮೈಸೂರಿನಲ್ಲಿ.

1961ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದರು. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣ ಆಗಷ್ಟೇ ತಲೆಯೆತ್ತಿತ್ತು. ದುಬಾರಿ ಉಪಕರಣಗಳನ್ನು ಕೇಳುವ ಕಾಲವಲ್ಲ. ಕೊಲೆಸ್ಟರಿಕ್ ದ್ರವ ಸ್ಫಟಿಕ ಅಂಥ ಜಾಗಕ್ಕೆ ಹೇಳಿ ಮಾಡಿಸಿದ ವಸ್ತು. ಅದರ ಸುರುಳಿಯ ಒಂದು ಸುತ್ತಿನ ಅಂತರ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದದಷ್ಟೇ ಇರುವುದುಂಟು. ಹಾಗಾಗಿ ಅದು ಬೆಳಕಿನ ತಲವನ್ನು ಒಂದು ಮಿಲಿಮೀಟರಿನಲ್ಲಿ ಸಾವಿರಾರು ಡಿಗ್ರಿ ತಿರುಗಿಸಬಲ್ಲದು. ಸ್ಫಟಿಕದ ಪದರಗಳಿಂದ ಎಕ್ಸ್-ಕಿರಣ ಪ್ರತಿಫಲಿಸುವುದಕ್ಕೆ ಸಿ. ಜಿ. ಡಾರ್ವಿನ್ ಕೊಟ್ಟಿದ್ದ ಲೆಕ್ಕವನ್ನು ಚಂದ್ರಶೇಖರ್ ಮತ್ತು ಶ್ರೀನಿವಾಸ ರಾವ್ 1968ರಲ್ಲಿ ಈ ಸುರುಳಿಗೆ ಹೊಂದಿಸಿದರು. ಮೊದಲ ಸಂಶೋಧನೆಯ ಪ್ರಶ್ನೆಗೆ ಕೇಂಬ್ರಿಡ್ಜಿನಲ್ಲಿ ಕಲಿತ ಲೆಕ್ಕ ಉತ್ತರವಾಗಿ ಒದಗಿತು.

ಅದೇ ದಶಕದಲ್ಲಿ ಕಾಡುತ್ತಿದ್ದ ಇನ್ನೊಂದು ಪ್ರಶ್ನೆ ಸ್ಥಿತಿ ಬದಲಾವಣೆಯದು. ನೆಮ್ಯಾಟಿಕ್ ಏಕೆ ಒಂದು ನಿಗದಿತ ಡಿಗ್ರಿಯಲ್ಲಿ ಸಾಧಾರಣ ದ್ರವವಾಗಬೇಕು? ಈ ಬದಲಾವಣೆ ಬಹಳ ಸೌಮ್ಯ. ಹಳೆಯ ಮಾದರಿ ವಸ್ತುವಾದ ಪ್ಯಾರಾ-ಅಜಾಕ್ಸಿಅನಿಸೋಲ್ 118 ಡಿಗ್ರಿಯಲ್ಲಿ ಕರಗಿ ನೆಮ್ಯಾಟಿಕ್ ಆಗುತ್ತದೆ, 135ರ ಸುಮಾರಿಗೆ ತಿಳಿಯಾಗುತ್ತದೆ. ಮೊದಲ ಸಲ ಕರಗುವುದಕ್ಕೆ ಬೇಕಾದ ಶಾಖದಲ್ಲಿ ಐವತ್ತನೆಯ ಒಂದು ಪಾಲು ಸಿಕ್ಕರೆ ಎರಡನೆಯದಕ್ಕೆ ಸಾಕು. ಅಂದರೆ ಸ್ಫಟಿಕದ ಬಹುಪಾಲು ಕಟ್ಟು ಮೊದಲ ಬಿಂದುವಿನಲ್ಲೇ ಬಿಚ್ಚಿಹೋಗಿ, ದಿಕ್ಕಿನ ಶಿಸ್ತು ಮಾತ್ರ ಉಳಿದಿರುತ್ತದೆ. ಎರಡನೆಯದರಲ್ಲಿ ಹೋಗುವುದು ಅದೊಂದೇ. ಜರ್ಮನಿಯ ಮಾಯರ್ ಮತ್ತು ಸೌಪೆ 1950ರ ದಶಕದ ಕೊನೆಯಲ್ಲಿ ಇದಕ್ಕೊಂದು ಸೊಗಸಾದ ಸಿದ್ಧಾಂತ ಕೊಟ್ಟಿದ್ದರು. ಪ್ರತಿ ಅಣುವೂ ತನ್ನ ಸುತ್ತಲಿನವರ ಸರಾಸರಿ ದಿಕ್ಕಿಗೆ ಎಳೆಯಲ್ಪಡುತ್ತದೆ ಎಂಬುದು ಅದರ ಸಾರ. ತೊಡಕೊಂದಿತ್ತು: ತಿಳಿಯಾಗುವ ಗಳಿಗೆಯಲ್ಲಿ ಉಳಿದಿರುವ ಶಿಸ್ತಿನ ಅಳತೆ ಎಲ್ಲ ವಸ್ತುಗಳಿಗೂ ಒಂದೇ, ಸುಮಾರು 0.43, ಎಂದು ಅದು ಹೇಳುತ್ತಿತ್ತು. ನಿಜದ ವಸ್ತುಗಳು ಹಾಗೆ ನಡೆದುಕೊಳ್ಳುತ್ತಿರಲಿಲ್ಲ. ಚಂದ್ರಶೇಖರ್ ಮತ್ತು ಅವರ ಶಿಷ್ಯ ಎನ್. ವಿ. ಮಧುಸೂದನ, ಮಾಯರ್-ಸೌಪೆ ಬದಿಗಿಟ್ಟಿದ್ದ ಬಲಗಳನ್ನೂ ಸೇರಿಸಿ 1971ರಲ್ಲಿ ವಿಸ್ತರಿಸಿದ ಸಿದ್ಧಾಂತ ಪ್ರಕಟಿಸಿದರು. ಮೈಸೂರಿನ ಹತ್ತು ವರ್ಷಗಳ ಗಳಿಕೆ ಇದು.

ಅಷ್ಟರಲ್ಲಿ ಹೊರಜಗತ್ತಿನಲ್ಲಿ ದ್ರವ ಸ್ಫಟಿಕ ಕುತೂಹಲದ ವಸ್ತುವಾಗಿ ಉಳಿದಿರಲಿಲ್ಲ. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್‌ಮೈಯರ್ ತಂಡ ಅದರಿಂದ ಅಂಕಿಗಳನ್ನು ತೋರಿಸುವ ಫಲಕ ಮಾಡಿತು. ತಿರುಚಿದ ನೆಮ್ಯಾಟಿಕ್ ಪದರವನ್ನು ವಿದ್ಯುತ್ತಿನಿಂದ ನೆಟ್ಟಗೆ ಮಾಡಿ ಬೆಳಕನ್ನು ತಡೆಯುವ, ಬಿಡುವ ಉಪಾಯವನ್ನು ಶಾಟ್ ಮತ್ತು ಹೆಲ್‌ಫ್ರಿಷ್ 1971ರಲ್ಲಿ ಪ್ರಕಟಿಸಿದರು. ಎಲ್ಲದಕ್ಕೂ ಅಡ್ಡಿಯಾಗಿ ನಿಂತದ್ದು ತಾಪಮಾನ. ನೂರು ಡಿಗ್ರಿಯ ಮೇಲೆ ಮಾತ್ರ ನೆಮ್ಯಾಟಿಕ್ ಆಗುವ ವಸ್ತುವನ್ನು ಕೈಗಡಿಯಾರದಲ್ಲಿ ಇಡುವುದು ಹೇಗೆ? 1969ರಲ್ಲಿ ಬಂದ ಎಂಬಿಬಿಎ 22ರಿಂದ 47 ಡಿಗ್ರಿಯ ನಡುವೆ ನೆಮ್ಯಾಟಿಕ್ ಆಗಿರುತ್ತಿತ್ತು, ಆದರೆ ಗಾಳಿಯ ತೇವ ತಗುಲಿದರೆ ಕೆಡುತ್ತಿತ್ತು. ಇಂಗ್ಲೆಂಡಿನ ಹಲ್ ನಗರದ ಜಾರ್ಜ್ ಗ್ರೇ 1970ರ ದಶಕದ ಆರಂಭದಲ್ಲಿ ಮಾಡಿದ ಸಯನೊಬೈಫೀನೈಲ್‌ಗಳು ಕೆಡದವು. ಅವುಗಳಲ್ಲಿ ಹೆಸರಾದ 5ಸಿಬಿ, 24ರಿಂದ 35 ಡಿಗ್ರಿಯವರೆಗೆ ನೆಮ್ಯಾಟಿಕ್.

ಈ ಅಂಕಿಗಳನ್ನು ಯಾದಗಿರಿ ಜಿಲ್ಲೆಯ ಹವೆಯ ಪಕ್ಕದಲ್ಲಿಟ್ಟು ನೋಡಿದರೆ ಸಮಸ್ಯೆ ಚೆನ್ನಾಗಿ ಮನದಟ್ಟಾಗುತ್ತದೆ. ಇಂಗ್ಲೆಂಡಿನ ಕೋಣೆಗೆ ಒಗ್ಗುವ 5ಸಿಬಿ ಇಲ್ಲಿ ಮೇ ತಿಂಗಳ ಮಧ್ಯಾಹ್ನ ಬರೀ ದ್ರವ. ನೆರಳಿನಲ್ಲೇ 40 ಡಿಗ್ರಿ ದಾಟುವ ಊರಿನಲ್ಲಿ ಅದರ ಶಿಸ್ತು ಉಳಿಯುವುದಿಲ್ಲ. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆಯೊಂದಿಗೆ ಅದೂ ಹೆಪ್ಪುಗಟ್ಟಬಹುದು. ಪರಿಹಾರ ಬಂದದ್ದು ಮಿಶ್ರಣದಿಂದ. ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆಗಿಂತ ಕೆಳಗೂ ಕರಗಿಯೇ ಇರುವಂತೆ, ನಾಲ್ಕು ಬಗೆಯ ಅಣುಗಳನ್ನು ಲೆಕ್ಕ ಹಾಕಿ ಬೆರೆಸಿದರೆ ಕೆಳಗಿನ ಬಿಂದು ಇಳಿಯುತ್ತದೆ. ಅವುಗಳಲ್ಲಿ ಒಂದು ಉದ್ದನೆಯ ಅಣುವಾಗಿದ್ದರೆ ಮೇಲಿನದು ಏರುತ್ತದೆ. ಹೀಗೆ ಸಿದ್ಧವಾದ ಇ-7 ಎಂಬ ಮಿಶ್ರಣ ಮೈನಸ್ 10ರಿಂದ 60 ಡಿಗ್ರಿಯ ಸುಮಾರಿನವರೆಗೂ ನೆಮ್ಯಾಟಿಕ್. ಶುದ್ಧಿಯನ್ನೇ ಪೂಜಿಸುತ್ತಿದ್ದ ವಿದ್ಯೆ ಕೊನೆಗೆ ಬೆರಕೆಯಿಂದ ಅನ್ನ ಕಂಡಿತು. ಬಿಸಿಲಿನಲ್ಲಿ ಬಿಟ್ಟ ಅಗ್ಗದ ಕ್ಯಾಲ್ಕ್ಯುಲೇಟರಿನ ಪರದೆ ಪೂರ್ತಿ ಕಪ್ಪಾಗಿ, ನೆರಳಿಗೆ ತಂದರೆ ಮತ್ತೆ ಸರಿಹೋಗುವುದನ್ನು ಎಷ್ಟೋ ಜನ ಕಂಡಿದ್ದಾರೆ. ರೈನಿಟ್ಜರ್ ಕಂಡ ಎರಡನೆಯ ಬಿಂದುವನ್ನು ದಾಟಿ ಬಂದ ವಸ್ತು ಅದು.

1970ರ ನವೆಂಬರಿನಲ್ಲಿ ರಾಮನ್ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಮೈಸೂರು ಬಿಟ್ಟು ರಾಮನ್ ಸಂಶೋಧನ ಸಂಸ್ಥೆಯಲ್ಲಿ ದ್ರವ ಸ್ಫಟಿಕಗಳಿಗೆಂದೇ ಒಂದು ಪ್ರಯೋಗಾಲಯ ತೆರೆದರು. ಭೌತವಿಜ್ಞಾನಿಗಳ ಪಕ್ಕದಲ್ಲೇ ರಸಾಯನ ವಿಜ್ಞಾನಿಗಳನ್ನು ಕೂರಿಸಿದ್ದು ಅದರ ದೊಡ್ಡ ಬಲ. ಬೇಕಾದ ಅಣುವನ್ನು ವಿದೇಶದಿಂದ ತರಿಸುವ ಬದಲು ಪಕ್ಕದ ಕೋಣೆಯಲ್ಲೇ ಮಾಡಿಕೊಳ್ಳಬಹುದಿತ್ತು. 1973ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಮ್ಮೇಳನ ನಡೆಯಿತು. ಸಯನೊಬೈಫೀನೈಲ್‌ನಂಥ ಅಣುಗಳು ಒಂದರ ತಲೆಗೆ ಇನ್ನೊಂದರ ಕಾಲು ಬರುವಂತೆ ಜೋಡಿಯಾಗುತ್ತವೆ ಎಂಬ ವಿಚಾರವನ್ನು ಮಧುಸೂದನ ಮತ್ತು ಚಂದ್ರಶೇಖರ್ ಮುಂದಿಟ್ಟದ್ದು ಆ ಹೊತ್ತಿನಲ್ಲೇ. ನಂತರದ ಎಕ್ಸ್-ಕಿರಣ ಪ್ರಯೋಗಗಳಲ್ಲಿ ಅದಕ್ಕೆ ಆಧಾರ ಸಿಕ್ಕಿತು. ಆರ್. ಶಶಿಧರ್ ಮತ್ತಿತರರು ತಾಪಮಾನದ ಜೊತೆಗೆ ಒತ್ತಡವನ್ನೂ ಬದಲಿಸಿ ನೋಡಿದರು. ಸಾಮಾನ್ಯ ಒತ್ತಡದಲ್ಲಿ ಸ್ಫಟಿಕದಿಂದ ನೇರ ದ್ರವಕ್ಕೆ ಹಾರುವ ಕೆಲವು ವಸ್ತುಗಳು, ಒತ್ತಿ ಹಿಡಿದಾಗ ನಡುವೆ ದ್ರವ ಸ್ಫಟಿಕವಾಗಿ ತಂಗಿದವು. ಎರಡು ಕರಗುಬಿಂದುಗಳ ನಡುವಿನ ಅಂತರವನ್ನು ಒತ್ತಡದಿಂದಲೇ ಹುಟ್ಟಿಸಬಹುದು ಎಂದಾಯಿತು.

ಸಂಸ್ಥೆಗೆ ಲೋಕಖ್ಯಾತಿ ತಂದ ಕೆಲಸ ನಡೆದದ್ದು 1977ರಲ್ಲಿ. ಅಣು ಕಡ್ಡಿಯಂತಿರಲೇಬೇಕು ಎಂಬ ಫೋರ್‌ಲೆಂಡರ್ ಸೂತ್ರ ಆ ಹೊತ್ತಿಗೆ ಹಳೆಯದಾಗಿ, ಹೆಚ್ಚು ಕಡಿಮೆ ನಿಯಮವೇ ಆಗಿತ್ತು. ಚಂದ್ರಶೇಖರ್, ರಸಾಯನ ವಿಜ್ಞಾನಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಚಪ್ಪಟೆ ಅಣುಗಳತ್ತ ತಿರುಗಿದರು. ನಡುವೆ ಒಂದು ಬೆಂಜೀನ್ ಉಂಗುರ. ಅದರ ಆರು ಮೂಲೆಗಳಿಂದ ಹೊರಟ ಆರು ಉದ್ದನೆಯ ಕೊಬ್ಬಿನಾಮ್ಲದ ಎಳೆಗಳು. ಬರೀ ಉಂಗುರವಿದ್ದರೆ ಅದು ಕರಗಿ ನೇರ ದ್ರವವಾಗುತ್ತದೆ. ಎಳೆಗಳು ಮೆತ್ತಗಿರುವುದರಿಂದ ಅವು ಮೊದಲು ಸಡಿಲಗೊಳ್ಳುತ್ತವೆ. ನಡುವಿನ ಗಟ್ಟಿ ಭಾಗಗಳು ಇನ್ನೂ ಒಂದರ ಮೇಲೊಂದು ಅಂಟಿಕೊಂಡೇ ಇರುತ್ತವೆ. ಫೋರ್‌ಲೆಂಡರ್ ನೋಡಿದ ಚಪ್ಪಟೆ ಅಣುಗಳಿಗೆ ಈ ಎಳೆಗಳ ಅಂಚು ಇರಲಿಲ್ಲ.

ಏಳು ಇಂಗಾಲದ ಎಳೆಗಳಿದ್ದ ಸಂಯುಕ್ತ ಸುಮಾರು 81 ಡಿಗ್ರಿಯಲ್ಲಿ ಕರಗಿತು, ಸುಮಾರು 87ರಲ್ಲಿ ತಿಳಿಯಾಯಿತು. ನಡುವಿನ ಅಂತರ ಆರೇ ಡಿಗ್ರಿ. ಎಳೆಯಲ್ಲಿ ಒಂದೆರಡು ಇಂಗಾಲ ಹೆಚ್ಚು ಕಡಿಮೆಯಾದರೆ ಈ ಅಂತರ ಕಿರಿದಾಗುತ್ತದೆ, ಇಲ್ಲವೇ ಇಲ್ಲವಾಗುತ್ತದೆ. ಅವಸರದಲ್ಲಿ ಕಾಯಿಸುವ ಕೈಗೆ ಅದು ಸಿಗುವಂಥದ್ದೇ ಅಲ್ಲ. ಎಕ್ಸ್-ಕಿರಣದ ಚಿತ್ರಗಳು ಒಳಗಿನ ಏರ್ಪಾಟನ್ನು ತೋರಿಸಿದವು: ಖಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಣುಗಳು ಕಂಬಗಳಾಗಿ ನಿಂತಿದ್ದವು, ಕಂಬಗಳು ಜೇನುಗೂಡಿನ ಷಟ್ಕೋನದ ಲೆಕ್ಕದಲ್ಲಿ ಅಕ್ಕಪಕ್ಕ ಸೇರಿದ್ದವು. ಒಂದೊಂದು ಕಂಬದೊಳಗೆ ರೊಟ್ಟಿಗಳ ನಡುವಿನ ಅಂತರ ಮಾತ್ರ ಅನಿಯಮಿತ, ದ್ರವದಲ್ಲಿರುವಂತೆ. ಎರಡು ದಿಕ್ಕಿಗೆ ಸ್ಫಟಿಕ, ಮೂರನೆಯ ದಿಕ್ಕಿಗೆ ದ್ರವ. ಪ್ರಕಟಣೆಗೆ ಅವರು ಆರಿಸಿಕೊಂಡದ್ದು ವಿದೇಶದ ಪತ್ರಿಕೆಯನ್ನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ, ಆಗಿನ್ನೂ ಹೊಸದಾಗಿದ್ದ ‘ಪ್ರಮಾಣ’ವನ್ನು. ಹತ್ತು ಪುಟಗಳ ಆ ಲೇಖನ ಅದರ ಒಂಬತ್ತನೆಯ ಸಂಪುಟದಲ್ಲಿದೆ. ಚಂದ್ರಶೇಖರ್ ಅವರ ‘ಲಿಕ್ವಿಡ್ ಕ್ರಿಸ್ಟಲ್ಸ್’ ಗ್ರಂಥವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮುದ್ರಣಾಲಯ ಹೊರತಂದದ್ದೂ ಅದೇ 1977ರಲ್ಲಿ. ಹದಿನೈದು ವರ್ಷಗಳ ನಂತರ ಬಂದ ಎರಡನೆಯ ಆವೃತ್ತಿಯಲ್ಲಿ ಈ ತಟ್ಟೆಯಾಕಾರದ ಅಣುಗಳಿಗೆ ಪ್ರತ್ಯೇಕ ಅಧ್ಯಾಯವೇ ಬೇಕಾಯಿತು.

ತಟ್ಟೆಯಾಕಾರದ ದ್ರವ ಸ್ಫಟಿಕಗಳು ಬಹುಕಾಲ ಪುಸ್ತಕದ ವಿಷಯವಾಗಿಯೇ ಉಳಿದವು. ಬಳಕೆಗೆ ಬಂದದ್ದು 1990ರ ದಶಕದ ನಡುವಿನಲ್ಲಿ. ಆಗಿನ ಕಂಪ್ಯೂಟರ್ ಪರದೆಗಳನ್ನು ಎದುರಿನಿಂದ ನೋಡಿದರೆ ಸರಿ, ಓರೆಯಿಂದ ನೋಡಿದರೆ ಬಣ್ಣ ತಿರುಗುಮುರುಗಾಗುತ್ತಿತ್ತು. ಕಡ್ಡಿಯಾಕಾರದ ಅಣುಗಳು ಓರೆ ಬೆಳಕಿಗೆ ಮಾಡುವ ಈ ಕೇಡನ್ನು ತಟ್ಟೆಯಾಕಾರದವು ಸರಿದೂಗಿಸಬಲ್ಲವು. ಜಪಾನಿನ ಫ್ಯೂಜಿ ಕಂಪನಿ ಅಂಥ ಅಣುಗಳ ತೆಳು ಪದರವಿರುವ ಹಾಳೆಯನ್ನು ಪರದೆಗೆ ಅಂಟಿಸಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ಶೋಧ ದೇಶದ ಮೇಜುಗಳ ಮೇಲೆ ಬಂದು ಕೂತದ್ದು ಹೀಗೆ, ಜಪಾನನ್ನು ಸುತ್ತಿಕೊಂಡು.

ಚಂದ್ರಶೇಖರ್ 1983ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1990ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ದ್ರವ ಸ್ಫಟಿಕ ಸಂಘಕ್ಕೆ ಮೊದಲ ಅಧ್ಯಕ್ಷರಾದರು. ರಾಮನ್ ಸಂಸ್ಥೆಯಿಂದ ನಿವೃತ್ತರಾದ ಮೇಲೆ 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಒದಗಿಸಿದ ಕಟ್ಟಡದಲ್ಲಿ ದ್ರವ ಸ್ಫಟಿಕ ಸಂಶೋಧನ ಕೇಂದ್ರ ಆರಂಭಿಸಿದರು. 2004ರ ಮಾರ್ಚ್ 8ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ರಾಮನ್ ಸಂಸ್ಥೆಯ ಕೆಲಸ ಅವರ ನಿವೃತ್ತಿಯೊಂದಿಗೆ ನಿಲ್ಲಲಿಲ್ಲ. ಬಾಳೆಹಣ್ಣಿನಂತೆ ಬಾಗಿದ ಅಣುಗಳು 1996ರಲ್ಲಿ ಜಪಾನಿನಲ್ಲಿ ಸುದ್ದಿಯಾದಾಗ ಸದಾಶಿವ ಆ ಜಾತಿಯ ಸಂಯುಕ್ತಗಳನ್ನು ಇಲ್ಲಿ ಮಾಡತೊಡಗಿದರು. ಕಡ್ಡಿಯಾಕಾರದ ಅಣುಗಳ ನಡುವೆ ಬಾಗಿದ ಅಣುಗಳ ಪ್ರಮಾಣ ಬದಲಾದಂತೆ ಅವು ತಾವು ನಿಲ್ಲುವ ದಿಕ್ಕನ್ನೇ ಬದಲಿಸುತ್ತವೆ ಎಂಬುದನ್ನು ಆರ್. ಪ್ರತಿಭಾ, ಮಧುಸೂದನ ಮತ್ತು ಸದಾಶಿವ 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಜಾಲಹಳ್ಳಿಯ ಕೇಂದ್ರದ ಹೆಸರು ಎರಡು ಸಲ ಬದಲಾಗಿ ಈಗ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ ಎಂದಾಗಿದೆ. ಜಾಗವೂ ಬದಲಾಗಿ ಬೆಂಗಳೂರಿನ ಉತ್ತರ ಅಂಚಿನ ಅರ್ಕಾವತಿ ಆವರಣಕ್ಕೆ ಸರಿದಿದೆ. ಪರದೆಗಳ ವ್ಯಾಪಾರ ದೊಡ್ಡ ಕಾರ್ಖಾನೆಗಳ ಪಾಲಾದ ಮೇಲೆ ಅಲ್ಲಿಯ ಸಂಶೋಧನೆ ಜೆಲ್‌ಗಳತ್ತ, ನ್ಯಾನೊ ಕಣಗಳತ್ತ, ಸಂವೇದಕಗಳತ್ತ ಹರಡಿಕೊಂಡಿದೆ. ದ್ರವ ಸ್ಫಟಿಕದ ಹೊಸ ಅಣುವೊಂದು ತಯಾರಾದಾಗ ಮಾಡುವ ಮೊದಲ ಕೆಲಸ ಮಾತ್ರ ಲೇಮಾನ್ ಕಾಲದ್ದೇ: ಚಿಟಿಕೆ ಪುಡಿಯನ್ನು ಎರಡು ಗಾಜುಗಳ ನಡುವೆ ಇಟ್ಟು, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಒಂದೊಂದೇ ಡಿಗ್ರಿ ಕಾಯಿಸುತ್ತ, ಬಣ್ಣ ಮೂಡುವ ಅಂಕಿಯನ್ನೂ ಅದು ಆರಿಹೋಗುವ ಅಂಕಿಯನ್ನೂ ಬರೆದುಕೊಳ್ಳುವುದು.